ಎಚ್‌ಐವಿ: ಗೊತ್ತಿದ್ದೂ ಯಾಕೆ ಮಾಡಲ್ಲ?

[ದೃಶ್ಯ: ಕಾರವಾರದ ಬೈತಕೋಲ ಬಂದರು, ದಡಕ್ಕೆ ಬರುತ್ತಿರುವ ಬೋಟುಗಳು]

ನಮಸ್ಕಾರ. ಎಚ್‌ಐವಿ ತಡೆಯೋಕೆ ಕಾಂಡೋಮ್ ಬೇಕು ಅನ್ನೋದು ಬೋಟಿನಿಂದ ಇಳಿಯುವ ಎಷ್ಟೋ ಹುಡುಗರಿಗೆ ಗೊತ್ತು. ಆದರೆ ಮೆಡಿಕಲ್ ಶಾಪಿನವರು ಅಪ್ಪನ ಪರಿಚಯದವರು. ಪಕ್ಕದಲ್ಲಿ ಮಾತ್ರೆಗೆ ನಿಂತವರು ಶಾಲೆಯಲ್ಲಿ ಕಲಿಸಿದ ಅಕ್ಕೋರು! ಹುಡುಗ ಒಂದು ಶಾಂಪೂ ಪ್ಯಾಕೆಟ್ ತಗೊಂಡು ಹೊರಗೆ ಬರುತ್ತಾನೆ.

ಇಲ್ಲಿ ಕಮ್ಮಿ ಬಿದ್ದದ್ದು ಮಾಹಿತಿಯಲ್ಲ, ಧೈರ್ಯ. 'ಇದು ನನ್ನ ಕೈಲಾಗುತ್ತೆ' ಅನ್ನುವ ನಂಬಿಕೆ ಎಷ್ಟು ಮುಖ್ಯ ಅಂತ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದಿದ್ದರು. ಅದು ಭಾಷಣ ಕೇಳಿ ಬರುವುದು ಕಡಿಮೆ. ಸ್ವತಃ ಮಾಡಿ ನೋಡಿದಾಗ, ನಮ್ಮಂಥವರೇ ಮಾಡಿದ್ದನ್ನು ಕಂಡಾಗ ಜಾಸ್ತಿ ಬರುತ್ತದೆ. ಅದಕ್ಕೇ ಒಳ್ಳೆಯ ತರಬೇತಿಗಳಲ್ಲಿ ಜೋಡಿ ಮಾಡಿ ಮಾತಾಡಿಸುತ್ತಾರೆ: 'ಸಂಗಾತಿ ಕಾಂಡೋಮ್ ಬೇಡ ಅಂದರೆ ನೀನು ಏನು ಹೇಳ್ತೀಯಾ?' ಮೊದಲು ನಗು. ಆಮೇಲೆ ಬಾಯಿ ಬಿಡುತ್ತದೆ.

[ದೃಶ್ಯ: ತಲೆಬುರುಡೆ ಚಿತ್ರದ ಹಳೆಯ ಗೋಡೆಬರಹ]

ಹೆದರಿಸಿದರೆ? ಕಿಮ್ ವಿಟ್ಟೆ ಅನ್ನುವ ಸಂಶೋಧಕಿ 1992ರಲ್ಲಿ ಹೇಳಿದ್ದು ಹೀಗೆ: ಭಯ ಹುಟ್ಟಿಸಿ, ದಾರಿ ತೋರಿಸದೇ ಹೋದರೆ ಜನ ರೋಗವನ್ನಲ್ಲ, ಭಯವನ್ನೇ ದೂರ ಇಡುತ್ತಾರೆ. 'ನಮಗೆಲ್ಲ ಬರಲ್ಲ ಬಿಡಿ' ಅಂದು ಟೆಸ್ಟಿಗೂ ಹೋಗುವುದಿಲ್ಲ.

ಹಾಗಾದರೆ ಯಾರ ಮಾತು ನಾಟುತ್ತದೆ? ಅಮೆರಿಕದ ಸಣ್ಣ ಊರುಗಳಲ್ಲಿ ಜೆಫ್ರಿ ಕೆಲ್ಲಿ ತಂಡ ಬಾರ್ ಕೆಲಸಗಾರರನ್ನು ಕೇಳಿ, ಎಲ್ಲರಿಗೂ ಬೇಕಾದ ಗೇ ಪುರುಷರನ್ನು ಗುರುತಿಸಿ ತರಬೇತಿ ಕೊಟ್ಟಿತು. ಅವರು ಗೆಳೆಯರ ಜೊತೆ ಸುಮ್ನೆ ಮಾತಾಡಿದರು. ಅಪಾಯದ ನಡವಳಿಕೆ ಇಳಿಯಿತು ಅಂತ 1991ರಲ್ಲಿ ವರದಿಯಾಯಿತು. ಆದರೆ ಇದು ಮಂತ್ರವಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ ಇದೇ ವಿಧಾನದ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. ಗೆಳೆಯರ ಮಾತಿಲ್ಲದೆ ಟೆಸ್ಟ್, ಸಮಾಲೋಚನೆಯಂಥ ಸೇವೆ ಸಿಕ್ಕ ಕಡೆಯೂ ಅಪಾಯದ ನಡವಳಿಕೆ ಇಳಿದಿತ್ತು. ಗೆಳೆಯರ ಮಾತಿನಿಂದ ಹೆಚ್ಚಿನ ಲಾಭ ಕಾಣಲಿಲ್ಲ. ನನಗಂತೂ ಇದು ಒಳ್ಳೆಯ ಸುದ್ದಿ: ಕೂತು ಮಾತಾಡಿಸುವ ಒಬ್ಬ ಆಪ್ತ ಸಮಾಲೋಚಕರೂ ಸಣ್ಣ ವಿಷಯವಲ್ಲ, ಅಲ್ವಾ?

ಸರ್ಕಾರಿ ಐಸಿಟಿಸಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಟೆಸ್ಟ್ ಉಚಿತ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು. ಕೇಳೋದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಅಲ್ಲಿ ಅಕ್ಕೋರು ಇರಲ್ಲ.

ನಮ್ಮ ಕರಾವಳಿಯಲ್ಲಿ ಎಚ್‌ಐವಿ ಜಾಗೃತಿ ಕೆಲಸ ಮಾಡುವವರಿಗೆ ಒಂದು ಮಾತು. ಜೂನ್, ಜುಲೈನಲ್ಲಿ ಯಾಂತ್ರೀಕೃತ ಬೋಟುಗಳಿಗೆ ರಜೆ. ಆಗ ಶಿಬಿರ ಇಟ್ಟರೆ ಹೊರರಾಜ್ಯದ ಖಲಾಸಿಗಳು (ಬೋಟಿನ ಕೆಲಸಗಾರರು) ಊರಿಗೆ ಹೋಗಿರುತ್ತಾರೆ. ಮೇ ತಿಂಗಳಲ್ಲೇ ಇಡಿ. ಬೋಟು ನಡೆಸುವ ತಾಂಡೇಲರನ್ನು ಮೊದಲು ಕರೆಯಿರಿ.