ಬಸುರಿಯ ಬಿ.ಪಿ.: ಅತ್ತೆಯನ್ನೂ ಕೇಳಿ
(ಮಂಡ್ಯದಲ್ಲಿ ಆಶಾ ಕಾರ್ಯಕರ್ತೆಯರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಬಸುರಿಗೆ ಬಿ.ಪಿ. ಏರಿತು ಅಂದ ತಕ್ಷಣ ನಮ್ಮ ಕಡೆ ಬರುವ ಮೊದಲ ಮಾತು, "ಅವರಮ್ಮನಿಗೂ ಹಿಂಗೇ ಆಗಿತ್ತಂತೆ." ಸುಳ್ಳೇನಲ್ಲ. ತಾಯಿಗೋ ಅಕ್ಕತಂಗಿಗೋ ಆಗಿದ್ದರೆ ಇವಳಿಗೂ ಬರುವ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ. ಆದರೆ ತವರನ್ನು ಮಾತ್ರ ದೂರಿದರೆ ಸಾಲದು. ಗಂಡನ ಮನೆಯ ಪಾಲೂ ಇದೆ.

20 ವಾರ ದಾಟಿದ ಮೇಲೆ ಬಿ.ಪಿ. 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ಪ್ರಿಎಕ್ಲಾಂಪ್ಸಿಯಾ. ಪ್ರೋಟೀನ್ ಇಲ್ಲದೆ ಕಿಡ್ನಿ, ಲಿವರ್‌ಗೆ ಪೆಟ್ಟು ಬಿದ್ದರೂ ಅದೇ. ಇದರ ಬೇರು ಇರುವುದು ಮಾಸಿನಲ್ಲಿ. ಮಾಸು ಬೆಳೆಯುವುದು ಮಗುವಿನ ಜೀನುಗಳಿಂದ. ಅದರಲ್ಲಿ ಅರ್ಧ ಅಪ್ಪನದು, ಅಲ್ವಾ? ಗರ್ಭಕೋಶದ ರಕ್ತನಾಳಗಳಿಗೆ ಮಾಸು ಸರಿಯಾಗಿ ಹೊಂದಿಕೊಳ್ಳದಿದ್ದರೆ ಅದಕ್ಕೆ ರಕ್ತ ಸಾಲದು. ಆಗ ಎಸ್‌ಎಫ್‌ಎಲ್‌ಟಿ-1 ಅನ್ನೋ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಜಾಸ್ತಿ ಬಿಡುತ್ತದೆ. ತಾಯಿಯ ನಾಳಗಳು ಬಿಗಿಯುತ್ತವೆ, ಬಿ.ಪಿ. ಏರುತ್ತದೆ, ಕಿಡ್ನಿ ಸೋರುತ್ತದೆ.

ಜೀನುಗಳನ್ನು ಹೊತ್ತ ಎಳೆಗಳಿಗೆ ಕ್ರೋಮೋಸೋಮು ಅಂತಾರೆ, ಈ ಪ್ರೋಟೀನಿನ ಜೀನು ಅವುಗಳಲ್ಲಿ 13ನೆಯದರಲ್ಲಿದೆ. ಆ ಕ್ರೋಮೋಸೋಮು ಎರಡರ ಬದಲು ಮೂರಿರುವ ಮಗುವನ್ನು ಹೊತ್ತವರಲ್ಲಿ ಈ ಕಾಯಿಲೆ ಜಾಸ್ತಿ ಅನ್ನೋದು ಮೊದಲೇ ಗೊತ್ತಿತ್ತು. 2017ರಲ್ಲಿ ಯುರೋಪಿನವರ ಡಿಎನ್‌ಎ ಜಾಲಾಡಿದಾಗ ಇದೇ ಜೀನಿನ ಪಕ್ಕ ಈ ಕಾಯಿಲೆಗೆ ನಂಟಿರುವ ಒಂದು ಗುರುತು ಸಿಕ್ಕಿತು. ಸಿಕ್ಕಿದ್ದು ಮಕ್ಕಳ ಡಿಎನ್‌ಎಯಲ್ಲಿ! ಅದಕ್ಕೂ ಮೊದಲೇ, 2001ರಲ್ಲಿ, ಅಮೆರಿಕದ ಯೂಟಾದಲ್ಲಿ ಇನ್ನೊಂದು ವಿಷಯ ಕಂಡಿದ್ದರು: ಇಂಥ ಬಸುರಲ್ಲಿ ಹುಟ್ಟಿದ ಗಂಡಸರ ಹೆಂಡತಿಯರಿಗೂ ಈ ತೊಂದರೆ ಬರುವುದು ಹೆಚ್ಚು.

ತಾಯಿಯ ಜೀನುಗಳೂ ಸೇರುತ್ತವೆ. ಒಂದಲ್ಲ, ಸಣ್ಣ ಸಣ್ಣ ಎಷ್ಟೋ. ಹಾಗಾಗಿ ಜೀನ್ ಟೆಸ್ಟ್ ಮಾಡಿಸಿ ಅಂತ ಯಾರನ್ನೂ ಕಳಿಸಬೇಡಿ, ಸುಮ್ನೆ ದುಡ್ಡು ದಂಡ. ಬಾಯಿಬಿಟ್ಟು ಕೇಳಿದರೆ ಸಾಕು.

ತಾಯಿ ಕಾರ್ಡ್ ತುಂಬುವಾಗ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. "ನಿಮಗೆ ಬಿ.ಪಿ. ಇತ್ತಾ?" ಅಂದರೆ "ಇಲ್ಲ" ಅಂತಾರೆ, ಆ ಕಾಲದಲ್ಲಿ ನೋಡಿದವರು ಯಾರು? ಹೀಗೆ ಕೇಳಿ: "ಅವ್ವಾ, ನಿಮ್ಮ ಮಗ ಹೊಟ್ಟೇಲಿದ್ದಾಗ ಮುಖ, ಕೈ ಊದಿತ್ತಾ? ಫಿಟ್ಸ್ ಬಂದಿತ್ತಾ? ತಿಂಗಳು ತುಂಬೋ ಮೊದಲೇ ಹೆರಿಗೆ ಆಯ್ತಾ?" ಉತ್ತರ ಹೌದಾದರೆ ಕಾರ್ಡಿನಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಅಪಾಯ ಜಾಸ್ತಿ ಅನಿಸಿದರೆ ಅವರು ಕಡಿಮೆ ಡೋಸಿನ ಆಸ್ಪಿರಿನ್ ಕೊಡುತ್ತಾರೆ. ಅದನ್ನು 16 ವಾರದೊಳಗೆ ಶುರು ಮಾಡಿದರೇ ಚೆನ್ನಾಗಿ ಕೆಲಸ ಮಾಡೋದು. ಮೂರು ತಿಂಗಳು ಯಾರಿಗೂ ಹೇಳಬಾರದು ಅಂತ ಮುಚ್ಚಿಡುವ ಮನೆಗಳಲ್ಲಿ ನಿಮಗೆ ಕಷ್ಟವಾಗೋದು ಇಲ್ಲೇ.

ಇನ್ನೊಂದು. ಹೆರಿಗೆ ಆಯಿತು ಅಂತ ಬಿಡಬೇಡಿ, ಈ ಕಾಯಿಲೆಯಿಂದ ಫಿಟ್ಸ್ ಆಮೇಲೂ ಬರಬಹುದು. ಬಾಣಂತನಕ್ಕೆ ತವರಿಗೆ ಹೊರಟರೆ ಕಾರ್ಡೂ ಜೊತೆಗೆ ಹೋಗಲಿ. ಆ ಊರಿನ ಆಶಾಗೆ ನೀವೇ ಒಂದು ಫೋನ್ ಮಾಡಿ, ಬಿ.ಪಿ. ನೋಡಿಸೋಕೆ ಹೇಳಿ.