170 ಹುಟ್ಟುಗಳ ಹಡಗು

ನಮಸ್ಕಾರ ಕೇಳುಗರೇ. ಹಳೇ ಗ್ರೀಕರ ಯುದ್ಧದ ಹಡಗು ಅಂದರೆ ಸರಪಳಿ ಬಿಗಿದ ಗುಲಾಮರು, ಮೇಲೆ ಚಾಟಿ ಬೀಸುವವನು, ಇದೇ ತಾನೇ ಕಣ್ಣಿಗೆ ಬರೋದು? ಅದು ಸಿನಿಮಾ ಕೊಟ್ಟ ಚಿತ್ರ. ಅಥೆನ್ಸಿನ ಟ್ರೈರೀಮ್‌ನಲ್ಲಿ, ಅಂದರೆ ಮೂರು ಸಾಲು ಹುಟ್ಟಿನ ಯುದ್ಧದ ಹಡಗಿನಲ್ಲಿ, ಹುಟ್ಟು ಹಾಕುತ್ತಿದ್ದವರು ಬಹುಪಾಲು ಸ್ವತಂತ್ರ ಜನ, ಅದೂ ಸಂಬಳಕ್ಕೆ. ಊರಿನ ಬಡ ನಾಗರಿಕರು, ಅಲ್ಲೇ ನೆಲೆಸಿದ ಪರಊರಿನವರು, ದ್ವೀಪಗಳಿಂದ ಕೂಲಿಗೆ ಬಂದವರು. ಗುಲಾಮರು ಇರಲೇ ಇಲ್ಲ ಅಂತಲ್ಲ, ಕ್ರಿ.ಪೂ. 406ರಲ್ಲಿ ಜನ ಸಾಲದೆ ಅವರನ್ನೂ ಹತ್ತಿಸಿಕೊಂಡರು, ಬದಲಿಗೆ ಬಿಡುಗಡೆ ಕೊಟ್ಟರು.

ಹಡಗಿನ ಉದ್ದ ಸುಮಾರು 37 ಮೀಟರ್, ಅಗಲ ಐದೂವರೆ. ಅಷ್ಟರಲ್ಲಿ 200 ಜನ! ಅವರಲ್ಲಿ 170 ಮಂದಿ ಹುಟ್ಟಿನವರು, ಒಬ್ಬನಿಗೆ ಒಂದೇ ಹುಟ್ಟು, ಮೂರು ಸಾಲಾಗಿ ಒಂದರ ಮೇಲೊಂದು. ಕೆಳಸಾಲಿನ 54 ಜನರ ಪಾಡು ಕೇಳಬೇಡಿ. ಅವರ ಕಿಂಡಿ ನೀರಿಗೆ ಎಷ್ಟು ಹತ್ತಿರ ಅಂದರೆ ಅಲೆ ಒಳಗೆ ನುಗ್ಗದಿರಲಿ ಅಂತ ಹುಟ್ಟಿನ ಸುತ್ತ ಚರ್ಮದ ತೋಳು ಕಟ್ಟುತ್ತಿದ್ದರು. ಬಾನುಲಿಯಲ್ಲಿ ಹೇಳಬಾರದೇನೋ, ಆದರೂ ಹೇಳಿಬಿಡ್ತೀನಿ: ಮೇಲೆ ಕೂತವನು ಕೆಳಗಿನವನ ಮುಖಕ್ಕೇ ಹೂಸು ಬಿಡುವ ತಮಾಷೆ ಆ ಕಾಲದ ಒಂದು ನಗೆನಾಟಕದಲ್ಲಿದೆ.

ಹಡಗಿನ ಆಯುಧ ಮೂತಿಯಲ್ಲಿದ್ದ ಕಂಚಿನ ಕೊಂಬು. ಶತ್ರುವಿನ ಪಕ್ಕೆಗೆ ಗುದ್ದಬೇಕು, ಕೂಡಲೇ ಹಿಂದಕ್ಕೆ ಹುಟ್ಟು ಹಾಕಿ ಬಿಡಿಸಿಕೊಳ್ಳಬೇಕು. ಸಿಕ್ಕಿಕೊಂಡರೆ ಅವರ ಸೈನಿಕರು ನಿಮ್ಮ ಹಡಗಿಗೇ ಹಾರುತ್ತಾರೆ. ಇದಕ್ಕೆ ಬರೀ ತೋಳುಬಲ ಸಾಲದು. ಪೀಪಿಯ ತಾಳಕ್ಕೆ, ಕೂಗಿ ಆಜ್ಞೆ ಕೊಡುವವನ ದನಿಗೆ 170 ಹುಟ್ಟೂ ಒಟ್ಟಿಗೆ ಏಳಬೇಕು, ಒಟ್ಟಿಗೆ ಬೀಳಬೇಕು. 1987ರಲ್ಲಿ ಒಲಿಂಪಿಯಾಸ್ ಅನ್ನುವ ಮರುನಿರ್ಮಾಣದ ಹಡಗನ್ನು ಪರೀಕ್ಷೆಗೆ ಇಳಿಸಿದಾಗ ಸ್ವಯಂಸೇವಕರೇ ಸುಮಾರು 9 ನಾಟ್, ಅಂದರೆ ಗಂಟೆಗೆ ಸುಮಾರು 17 ಕಿಲೋಮೀಟರ್ ವೇಗ ಮುಟ್ಟಿಸಿದರು. ಜೀವನವಿಡೀ ಅದನ್ನೇ ಮಾಡಿದವರು ಇನ್ನೆಷ್ಟು ಓಡಿಸಿರಬೇಕು!

ಕ್ರಿ.ಪೂ. 429ರ ಕಥೆ ಕೇಳಿ, ಅಥೆನ್ಸಿಗೂ ಅದರ ಎದುರಾಳಿ ಗ್ರೀಕ್ ನಗರ ಸ್ಪಾರ್ಟಾಕ್ಕೂ ಯುದ್ಧ ನಡೆಯುತ್ತಿದ್ದ ಕಾಲ. ಕೊರಿಂಥ್ ಕೊಲ್ಲಿಯ ಬಾಯಲ್ಲಿ ಅಥೆನ್ಸಿನ ನೌಕಾಪತಿ ಫೋರ್ಮಿಯೋ ಹತ್ತಿರ ಇದ್ದದ್ದು 20 ಹಡಗು, ಎದುರಿಗೆ ಸ್ಪಾರ್ಟಾ ಕಡೆಯವರದು 47. ಹೆದರಿದ್ದು ಮಾತ್ರ 47ರವರು! ಮೂತಿ ಹೊರಗೆ ಮಾಡಿ ವೃತ್ತ ಕಟ್ಟಿ ನಿಂತರು. ಫೋರ್ಮಿಯೋ ಒಂದೇ ಸಾಲಿನಲ್ಲಿ ಅವರ ಸುತ್ತ ಸುತ್ತುತ್ತಾ, ಇನ್ನೇನು ಗುದ್ದಿಯೇಬಿಟ್ಟ ಅನ್ನುವಷ್ಟು ಹತ್ತಿರ ಸವರಿಕೊಂಡು ಹೋಗುತ್ತಾ, ಅವರನ್ನು ಒಳಗೊಳಗೆ ಒತ್ತಿದ. ಬೆಳಗಿನ ಹೊತ್ತು ಕೊಲ್ಲಿಯಿಂದ ಗಾಳಿ ಬೀಸುತ್ತದೆ ಅಂತ ಅವನಿಗೆ ಗೊತ್ತಿತ್ತು. ಬೀಸಿತು. ಹಡಗಿಗೆ ಹಡಗು ತಾಗಿ, ಕೋಲಿನಿಂದ ತಳ್ಳಾಡಿ, ಬೈದಾಡಿ, ಆ ಗದ್ದಲದಲ್ಲಿ ಆಜ್ಞೆ ಯಾರ ಕಿವಿಗೂ ಬೀಳಲಿಲ್ಲ. ಪಳಗದ ಕೈಗಳಿಗೆ ಅಲೆಯಿಂದ ಹುಟ್ಟು ಎತ್ತುವುದೂ ಆಗಲಿಲ್ಲ. ಆಗ ನುಗ್ಗಿದ. 12 ಹಡಗು ಕೈವಶ.

ಸ್ಪಾರ್ಟಾದವರಿಗೆ ಇದು ಅರ್ಥವೇ ಆಗಲಿಲ್ಲ. ತಮ್ಮವರೇ ಹೇಡಿಗಳು ಅಂದುಕೊಂಡು, ತಮ್ಮ ನೌಕಾಪತಿಗೆ ಬುದ್ಧಿ ಹೇಳೋಕೆ ಮೂವರನ್ನು ಕಳಿಸಿದರು.