ಡಿಕ್ಕಿಯಲ್ಲಿರುವ ಸಾಮಾನು ಯಾರ ಕೈಗೆ ಎಟಕಬೇಕು?

ಎಲ್ಲರಿಗೂ ನಮಸ್ಕಾರ.

1989ರಲ್ಲಿ ಮಾರ್ಕ್ ವೆಲ್‌ಮನ್ ಅಮೆರಿಕದ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯನ್ನು ಏರಿದರು. ಅವರಿಗೆ ಕಾಲುಗಳಲ್ಲಿ ಸ್ವಾಧೀನವಿಲ್ಲ. ಜೊತೆಗಾರ ಮೈಕ್ ಕಾರ್ಬೆಟ್ ಮುಂದೆ ಹೋಗಿ ಹಗ್ಗ ಕಟ್ಟಿದರು, ಇವರು ಸುಮಾರು 900 ಮೀಟರ್ ಎತ್ತರದ ಆ ಗೋಡೆಯನ್ನು ಬರೀ ತೋಳಿನ ಬಲದಿಂದ ಹತ್ತಿದರು. 2013ರಲ್ಲಿ ಅರುಣಿಮಾ ಸಿನ್ಹಾ ಕೃತಕ ಕಾಲಿನಿಂದ ಎವರೆಸ್ಟ್ ಮುಟ್ಟಿದರು. ಇಂಥ ಸುದ್ದಿ ಬಂದಾಗಲೆಲ್ಲ ನಾವು ಶಿಖರದ ಬಗ್ಗೆಯೇ ಮಾತಾಡುತ್ತೇವೆ. ಇವತ್ತು ನಾನು ಶಿಖರಕ್ಕಿಂತ ಬಹಳ ಕೆಳಗಿನ, ಗಾಡಿ ನಿಲ್ಲಿಸುವ ಜಾಗದ ಬಗ್ಗೆ ಮಾತಾಡುತ್ತೇನೆ. ಬೆಟ್ಟದ ಬುಡದಲ್ಲೋ ನದಿಯ ದಂಡೆಯಲ್ಲೋ ಗಾಡಿ ನಿಲ್ಲಿಸಿದವರು ಟೆಂಟು, ಹಗ್ಗ, ಒಲೆ, ಕೈಯಿಂದ ಪೆಡಲ್ ತಿರುಗಿಸುವ ಹ್ಯಾಂಡ್‌ಸೈಕಲ್‌ಗಳನ್ನು ತಾವೇ ಇಳಿಸಿಕೊಂಡು, ಸಂಜೆ ತಾವೇ ಏರಿಸಬಲ್ಲರೇ? ಆಗದಿದ್ದರೆ ಆ ಪ್ರವಾಸ ನಡೆಯುವುದು ಇನ್ನೊಬ್ಬರ ಪುರುಸೊತ್ತಿಗೆ ತಕ್ಕಂತೆ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಗಾಲಿಕುರ್ಚಿಯಲ್ಲಿ ಕೂತು ಬಂದು ತಾವೇ ಗಾಡಿ ಓಡಿಸುವವರನ್ನು ಒಮ್ಮೆ ಹತ್ತಿರದಿಂದ ನೋಡಿ. ಮೊದಲು ಕುರ್ಚಿಯಿಂದ ಚಾಲಕನ ಸೀಟಿಗೆ ಮೈಯನ್ನು ಜಾರಿಸಿಕೊಳ್ಳುತ್ತಾರೆ. ಆಮೇಲೆ ಹೊರಗೆ ಬಾಗಿ ಕುರ್ಚಿಯ ದಿಂಬನ್ನು ತೆಗೆದು ಒಳಗೆ ಎಸೆಯುತ್ತಾರೆ. ಗಾಲಿಯ ನಡುವಿನ ಗುಂಡಿ ಒತ್ತಿ ಒಂದೊಂದೇ ಚಕ್ರ ಬಿಚ್ಚಿ, ಸೀಟಿನ ಹಿಂದಕ್ಕೋ ಪಕ್ಕಕ್ಕೋ ಇಡುತ್ತಾರೆ. ಕೊನೆಗೆ ಆರರಿಂದ ಹತ್ತು ಕೆಜಿ ತೂಗುವ ಚೌಕಟ್ಟನ್ನು ಎತ್ತಿ, ಸ್ಟೀರಿಂಗಿಗೂ ಎದೆಗೂ ನಡುವಿನ ಸಂದಿಯಲ್ಲಿ ತೂರಿಸಿ, ಪಕ್ಕದ ಸೀಟಿಗೆ ದಾಟಿಸುತ್ತಾರೆ. ಅಂದರೆ ಪಕ್ಕದ ಸೀಟು ಖಾಲಿ ಇದೆ ಎಂದು ನಾವು ಅಂದುಕೊಂಡರೂ ಅದು ಖಾಲಿಯಲ್ಲ, ಅದು ಕುರ್ಚಿಯ ಜಾಗ. ಅಲ್ಲಿ ಯಾರಾದರೂ ಅಕ್ಕರೆಯಿಂದಲೇ ಒಂದು ಬ್ಯಾಗು ಇಟ್ಟರೂ ಈ ಇಡೀ ಸರಣಿ ಕೆಡುತ್ತದೆ. ಕಾಡುದಾರಿಯಿಂದ ಬಂದ ದಿನವಂತೂ ಚಕ್ರಕ್ಕೆ ಕೆಸರು ಮೆತ್ತಿರುತ್ತದೆ. ಹಾಗಾಗಿ ಸಾಮಾನಿನ ಜೋಡಣೆ ಶುರುವಾಗಬೇಕಾದ್ದು ಚಕ್ರಕ್ಕೆ ಹೊದಿಸುವ ಚೀಲ ಬಾಗಿಲಿನ ಕಿಸೆಯಲ್ಲಿ ಇದೆಯೇ ಎಂಬಲ್ಲಿಂದ. ಡಿಕ್ಕಿಯಲ್ಲಿನ ಡ್ರಾಯರಿನ ಮಾತು ಆಮೇಲೆ.

ಇನ್ನು ಕೈ ಎಷ್ಟು ದೂರ ಹೋಗುತ್ತದೆ ಎಂಬ ಪ್ರಶ್ನೆ. ಕಟ್ಟಡಗಳಿಗಾಗಿ ಅಮೆರಿಕದಲ್ಲಿ 2010ರಲ್ಲಿ ಹೊರಬಂದ ಪ್ರವೇಶ ಮಾನದಂಡವು, ಕೂತವರ ಕೈಗೆ ಅಡ್ಡಿಯಿಲ್ಲದೆ ಸಿಗಬೇಕಾದ ವಸ್ತು ನೆಲದಿಂದ 38ರಿಂದ 122 ಸೆಂಟಿಮೀಟರ್ ಎತ್ತರದ ಒಳಗಿರಬೇಕು ಎನ್ನುತ್ತದೆ. ಹಿಡಿಕೆ ಒಂದೇ ಕೈಯಲ್ಲಿ ತೆರೆಯಬೇಕು. ಬಿಗಿಯಾಗಿ ಹಿಡಿಯುವುದು, ಚಿವುಟುವುದು, ಮಣಿಕಟ್ಟು ತಿರುಗಿಸುವುದು ಬೇಕಾಗಬಾರದು. ಬೇಕಾಗುವ ಬಲ ಸುಮಾರು 22 ನ್ಯೂಟನ್ ಮೀರಬಾರದು, ಅಂದರೆ ಎರಡೂಕಾಲು ಕೆಜಿ ಎತ್ತುವಷ್ಟು. ಇದು ಗಾಡಿಗೆಂದು ಬರೆದ ನಿಯಮವಲ್ಲ. ಆದರೂ ಟೇಪು ಹಿಡಿದು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ. ಎತ್ತರದ ಗಾಡಿಯ ಹಿಂಬಾಗಿಲನ್ನು ತೆರೆದು ನೋಡಿ: ಮೇಲೆದ್ದ ಬಾಗಿಲಿನ ಹಿಡಿಕೆ ಕೂತವರ ಕೈಗೆ ಸಿಗುವುದೇ ಇಲ್ಲ. ತೆರೆದವರು ಮುಚ್ಚಲಾರರು. ಒಂದು ಮೀಟರ್ ಉದ್ದದ ಪಟ್ಟಿಯೊಂದನ್ನು ಬಾಗಿಲಿನ ಒಳಬದಿಗೆ ಕಟ್ಟಿದರೆ ಸಮಸ್ಯೆ ಬಹುಪಾಲು ಮುಗಿಯಿತು. ಮೋಟಾರು ಬಾಗಿಲು ಇನ್ನೂ ಅನುಕೂಲ, ಆದರೆ ಬ್ಯಾಟರಿ ಇಳಿದ ದಿನಕ್ಕೂ ಆ ಪಟ್ಟಿ ಇರಲಿ.

ಕೂತವರಿಗೆ ಆಳವೇ ದೊಡ್ಡ ಶತ್ರು. ಡಿಕ್ಕಿಯ ನೆಲ ಮೊಣಕಾಲಿಗಿಂತ ಮೇಲಿದ್ದು, ಬಂಪರ್ ಮುಂದೆ ಚಾಚಿದ್ದರೆ, ಗಾಲಿಕುರ್ಚಿಯ ಕಾಲುಪಟ್ಟಿ ಮೊದಲು ತಗಲುತ್ತದೆ. ಕೈ ಒಳಗೆ ಒಂದಡಿ ಹೋದರೆ ಹೆಚ್ಚು. ಆದ್ದರಿಂದ ಮನುಷ್ಯ ಒಳಗೆ ಬಾಗುವ ಬದಲು ಸಾಮಾನೇ ಹೊರಗೆ ಬರಬೇಕು. ಪೂರ್ತಿ ಹೊರಗೆ ಬರುವ ಸ್ಲೈಡ್ ಡ್ರಾಯರ್ ಅಥವಾ ಜಾರುವ ತಟ್ಟೆ ಇದಕ್ಕೇ ಇರುವುದು. ಇದನ್ನು ಕೊಳ್ಳುವಾಗ ಎಲ್ಲರೂ ಎಷ್ಟು ಭಾರ ತಡೆಯುತ್ತದೆ ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು: ಹೊರಗೆ ಎಳೆದಾಗ ಅಲ್ಲೇ ಲಾಕ್ ಆಗುತ್ತದೆಯೇ? ಬೆಟ್ಟದ ಬುಡದಲ್ಲಿ ಸಮತಟ್ಟಾದ ನೆಲ ಎಲ್ಲಿ ಸಿಗುತ್ತದೆ? ಗಾಡಿಯ ಮೂತಿ ತಗ್ಗಿನ ಕಡೆ ಇದ್ದರೆ, ತುಂಬಿದ ಡ್ರಾಯರ್ ತಾನಾಗಿ ಒಳಗೆ ಓಡಿ ಬೆರಳನ್ನು ಅಪ್ಪಚ್ಚಿ ಮಾಡುತ್ತದೆ. ಹಿಂಭಾಗ ತಗ್ಗಿನ ಕಡೆ ಇದ್ದರೆ, ಲಾಕ್ ತೆಗೆದೊಡನೆ ಅದು ಎದೆಗೆ ಬಂದು ಬಡಿಯುತ್ತದೆ. ಕುರ್ಚಿಯಲ್ಲಿ ಕೂತವರು ತಟ್ಟನೆ ಹಿಂದೆ ಸರಿಯಲಾಗದು. ಲಾಕ್ ಬಿಡಿಸುವ ಹಿಡಿಕೆಯೂ ಒಂದೇ ಕೈಗೆ ಒದಗಬೇಕು, ಏಕೆಂದರೆ ಇನ್ನೊಂದು ಕೈ ಕುರ್ಚಿಯ ಚಕ್ರವನ್ನೋ ಊರುಗೋಲನ್ನೋ ಹಿಡಿದಿರುತ್ತದೆ. ಬೆರಳು ಮಡಚಲಾಗದವರಿಗೆ ಅಂಗೈಯಿಂದ ಒತ್ತಿದರೆ ತೆರೆಯುವ ಚಪ್ಪಟೆ ಹಿಡಿಕೆ, ಜಿಪ್ಪಿಗೆ ಹೆಬ್ಬೆರಳು ತೂರುವಷ್ಟು ದೊಡ್ಡ ಹಗ್ಗದ ಕುಣಿಕೆ ಹಾಕಿ. ಜಿಪ್ಪಿನ ಕುಣಿಕೆಗೆ ಖರ್ಚೇ ಇಲ್ಲ. ಆದರೂ ಅದಿಲ್ಲದೆ ಎಷ್ಟೋ ಒಳ್ಳೆಯ ಚೀಲಗಳು ಮೂಲೆ ಸೇರಿವೆ.

ಭಾರದ ವಿಚಾರದಲ್ಲಿ ನಾನು ಸ್ವಲ್ಪ ಹಟಮಾರಿ. ಗಾಲಿಕುರ್ಚಿಯಲ್ಲೇ ಕೂತು ಪ್ರಯಾಣಿಸುವವರಿಗಾಗಿ ಕುರ್ಚಿಯನ್ನು ನಾಲ್ಕು ಪಟ್ಟಿಗಳಿಂದ ನೆಲಕ್ಕೆ ಬಿಗಿಯುವ ವ್ಯವಸ್ಥೆ ಇದೆಯಲ್ಲ, ಅದನ್ನು ಪರೀಕ್ಷಿಸುವುದು ಗಂಟೆಗೆ 48 ಕಿಲೋಮೀಟರ್ ವೇಗದ ಅಪಘಾತಕ್ಕೆ ಸಮನಾದ, 20 ಜಿ (ಗುರುತ್ವದ ಇಪ್ಪತ್ತು ಪಟ್ಟು) ಆಘಾತದಲ್ಲಿ. ಅದೇ ಲೆಕ್ಕದಲ್ಲಿ, ಕಟ್ಟದೆ ಬಿಟ್ಟ ಹತ್ತು ಕೆಜಿಯ ಪೆಟ್ಟಿಗೆಯೊಂದು ಇನ್ನೂರು ಕೆಜಿಯ ಭಾರದಂತೆ ಮುಂದೆ ನುಗ್ಗುತ್ತದೆ. ಕುರ್ಚಿಗೆ ಇಷ್ಟು ಪರೀಕ್ಷೆ ಮಾಡಿ, ಅದರ ಬೆನ್ನ ಹಿಂದೆ ಸಿಲಿಂಡರನ್ನು ಸುಮ್ಮನೆ ನಿಲ್ಲಿಸುವುದನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಭಾರವಾದದ್ದು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡು, ಗಾಡಿಯ ಲೋಹದ ಕೊಂಡಿಗಳಿಗೆ ಬಿಗಿದುಕೊಂಡು ಇರಲಿ. ಪಕ್ಕದ ಸೀಟಿಗೆ ದಾಟಿಸಿದ ಗಾಲಿಕುರ್ಚಿಯ ಚೌಕಟ್ಟಿಗೂ ಸೀಟು ಬೆಲ್ಟು ಹಾಕಿ.

ಕಯಾಕ್ ಎಂಬ ಉದ್ದನೆಯ ಸಣ್ಣ ದೋಣಿ, ದೊಡ್ಡ ಹ್ಯಾಂಡ್‌ಸೈಕಲ್ ಇದ್ದವರು ಚಾವಣಿ ನೋಡುತ್ತಾರೆ. ಚಾವಣಿ ಎಷ್ಟು ಹೊರುತ್ತದೆ ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ, ರ‍್ಯಾಕಿನ ತೂಕವನ್ನೂ ಅದರಲ್ಲೇ ಕಳೆಯಬೇಕು. ಗ್ಯಾಸ್ ಸ್ಟ್ರಟ್ಟಿನ (ಅನಿಲದ ಒತ್ತಡದಿಂದ ಭಾರ ತಾಳುವ ದಂಡದ) ಸಹಾಯದಿಂದ ಸೊಂಟದೆತ್ತರಕ್ಕೆ ಇಳಿದು ಬರುವ ಕಯಾಕ್ ತೊಟ್ಟಿಲುಗಳು ಬಂದಿವೆ; ಮಡಚಿದ ಗಾಲಿಕುರ್ಚಿಯನ್ನು ಮೋಟಾರಿನಿಂದ ಎತ್ತಿ ಚಾವಣಿಯ ಪೆಟ್ಟಿಗೆಗೆ ಸೇರಿಸುವ ಯಂತ್ರವೂ ಇದೆ. ಹಿಂಬದಿಯ ಕೊಕ್ಕೆಗೆ ಸಿಕ್ಕಿಸುವ ತಗ್ಗು ವೇದಿಕೆ ನನ್ನ ಮಟ್ಟಿಗೆ ಹೆಚ್ಚು ಸರಳ, ಏಕೆಂದರೆ ಎತ್ತುವ ಕೆಲಸ ಕಡಿಮೆ. ಒಂದೇ ಎಚ್ಚರಿಕೆ: ಅದು ಹಿಂಬಾಗಿಲಿಗೋ ರ‍್ಯಾಂಪಿಗೋ ಅಡ್ಡ ಬಂದರೆ ಒಳಗಿರುವವರು ಅಪಘಾತದಲ್ಲಿ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ.

ಕೆಲವು ವಸ್ತುಗಳು ಡಿಕ್ಕಿಗೆ ಹೋಗಲೇಬಾರದು. ಬೆನ್ನುಹುರಿಗೆ ಎದೆಯ ಆರನೇ ಕಶೇರು (ಬೆನ್ನೆಲುಬಿನ ಮಣಿ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ, ಮೂತ್ರಕೋಶ ತುಂಬಿದಷ್ಟಕ್ಕೇ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಅವರ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಕಿಟ್ ಸೀಟು ಬೆಲ್ಟ್ ಹಾಕಿಕೊಂಡೇ ಕೈಗೆ ಸಿಗುವಲ್ಲಿ ಇರಬೇಕು. ಅವರಲ್ಲಿ ಹಲವರಿಗೆ ಬೆವರುವುದೂ ಕಡಿಮೆ, ಆದ್ದರಿಂದ ನೀರೆರಚುವ ಬಾಟಲಿಯೂ ಪಕ್ಕದಲ್ಲಿರಲಿ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಹತ್ತು ನಿಮಿಷದಲ್ಲೇ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಶಾಖ ಏರಬಹುದು. ಇನ್ಸುಲಿನ್ ಮತ್ತು ವಿದ್ಯುತ್ ಕುರ್ಚಿಯ ಬಿಡಿ ಬ್ಯಾಟರಿಯನ್ನು ಅಲ್ಲಿ ಬಿಟ್ಟು ಹೋಗಬೇಡಿ. ಕುರ್ಚಿಯ ಗಾಳಿ ತುಂಬಿದ ದಿಂಬು ಎತ್ತರದ ಜಾಗಕ್ಕೆ ಹೋದಂತೆ ಬಿಗಿಯಾಗುತ್ತದೆ, ಗಾಡಿಯಿಂದ ಇಳಿಯುವ ಮುನ್ನ ಗಾಳಿ ಹೊಂದಿಸಬೇಕು, ಇಲ್ಲದಿದ್ದರೆ ಚರ್ಮಕ್ಕೆ ಹುಣ್ಣು. ಕಾಲಿಗೆ ಸ್ಪರ್ಶವಿಲ್ಲದವರ ಬಳಿ ಆರದ ಒಲೆ, ಚೂಪಾದ ಡ್ರಾಯರ್ ಅಂಚು ಎರಡೂ ಸಲ್ಲದು. ಸುಟ್ಟದ್ದು, ಕೊಯ್ದದ್ದು ಅವರಿಗೆ ಗೊತ್ತಾಗುವುದಿಲ್ಲ.

ಕಣ್ಣು ಕಾಣದ ಗೆಳೆಯರಿಗೆ ಎತ್ತರ, ಆಳಗಳಿಗಿಂತ ಜಾಗ ಬದಲಾಗದಿರುವುದು ಮುಖ್ಯ. ಒಂದು ಡ್ರಾಯರಿಗೆ ಒರಟು ಹಗ್ಗ, ಇನ್ನೊಂದಕ್ಕೆ ರಬ್ಬರ್ ಪಟ್ಟಿ, ಮತ್ತೊಂದಕ್ಕೆ ಗಂಟು ಹಾಕಿದ ದಾರ ಕಟ್ಟಿದರೆ ಸಾಕು. ಸಹಾಯ ಮಾಡಲು ಬಂದವರು ಸಾಮಾನನ್ನು ‘ಚೆನ್ನಾಗಿ ಜೋಡಿಸಿ’ ಹೋದರೆ ಆ ಸಂಜೆ ಟಾರ್ಚು, ಔಷಧಿ ಯಾವುದೂ ಸಿಗುವುದಿಲ್ಲ. ಸಹಾಯಕರಿಗೆ ನನ್ನ ಕೋರಿಕೆ: ಎಲ್ಲಿಂದ ತೆಗೆದಿರೋ ಅಲ್ಲೇ ಇಡಿ.

ಪ್ಲೈವುಡ್ ಕೊಯ್ಯುವ ಮೊದಲು ರಟ್ಟಿನ ಡಬ್ಬಗಳಲ್ಲಿ ಇಡೀ ವಿನ್ಯಾಸವನ್ನು ಗಾಡಿಯೊಳಗೆ ಕೂರಿಸಿ. ಬಳಸುವವರೇ ತಮ್ಮದೇ ಕುರ್ಚಿಯಲ್ಲಿ, ತಮ್ಮದೇ ಕೃತಕ ಕಾಲಿನಲ್ಲಿ, ಚಳಿಗೆ ಹಾಕುವ ಕೈಗವಸಿನ ಸಮೇತ ಪ್ರತಿಯೊಂದನ್ನೂ ತೆಗೆದು ಇಡಲಿ. ಬೆಳಿಗ್ಗೆ ಒಮ್ಮೆ, ಇಡೀ ದಿನ ಓಡಾಡಿ ದಣಿದ ಮೇಲೆ ಕತ್ತಲಲ್ಲಿ ಇನ್ನೊಮ್ಮೆ. ಎರಡನೆಯ ಸಲ ಎಟಕದ ಡಬ್ಬವನ್ನು ಸರಿಸಿ, ಮತ್ತೆ ನೋಡಿ.

ಈಗ ಪ್ರಶ್ನೆಗಳು. ತಮ್ಮ ಕುರ್ಚಿಯ ಆಸನದ ಎತ್ತರ ಮತ್ತು ಗಾಡಿಯ ಡಿಕ್ಕಿ ನೆಲದ ಎತ್ತರ ಅಳೆದು ಬರೆದುಕೊಂಡು ಬಂದವರಿದ್ದರೆ, ಅವರಿಂದಲೇ ಶುರು ಮಾಡೋಣ.